ಮದ್ದು ಓದಿದವರು ಚೀಟಿ ಬರೆಯಲು ಕಲಿಯುವುದೆಲ್ಲಿ?

ಎಂಬಿಬಿಎಸ್ ವಿದ್ಯಾರ್ಥಿಗಳು ಔಷಧ ವಿಜ್ಞಾನವನ್ನು, ಕಾಲೇಜಿನ ಮಾತಿನಲ್ಲಿ ಫಾರ್ಮಕಾಲಜಿಯನ್ನು, ಎರಡನೆಯ ವರ್ಷದಲ್ಲೇ ಓದಿ ಪರೀಕ್ಷೆ ಬರೆದು ಮುಗಿಸಿಬಿಡುತ್ತಾರೆ. ನಿಜವಾದ ರೋಗಿಗೆ ಮದ್ದಿನ ಚೀಟಿ ಬರೆಯುವ ಸಂದರ್ಭ ಬರುವುದು ನಾಲ್ಕೂವರೆ ವರ್ಷದ ಓದು ಮುಗಿದು ಇಂಟರ್ನ್‌ಶಿಪ್‌ಗೆ ಕಾಲಿಟ್ಟ ಮೇಲೆ. ನಡುವೆ ಎರಡು ವರ್ಷಕ್ಕೂ ಮಿಕ್ಕಿದ ಅಂತರ. ಅಷ್ಟರಲ್ಲಿ ಓದಿದ ಮದ್ದುಗಳಲ್ಲಿ ಅರ್ಧ ಮರೆತಿರುತ್ತದೆ. ಇನ್ನರ್ಧ ವಾರ್ಡಿನಲ್ಲಿ ಕಿವಿಗೆ ಬೀಳುವ ಬ್ರ್ಯಾಂಡ್ ಹೆಸರುಗಳ ಕೆಳಗೆ ಹೂತುಹೋಗಿರುತ್ತದೆ. ಆಗ ಉಳಿಯುವ ದಾರಿ ಒಂದೇ, ಹಿರಿಯರು ಬರೆದದ್ದನ್ನು ನೋಡಿ ಬರೆಯುವುದು.

ಇಂಜೆಕ್ಷನ್ ಚುಚ್ಚುವುದನ್ನು, ಗಾಯಕ್ಕೆ ಹೊಲಿಗೆ ಹಾಕುವುದನ್ನು ಕೈಹಿಡಿದು ಕಲಿಸುವ ವ್ಯವಸ್ಥೆ, ಚೀಟಿ ಬರೆಯುವುದು ಮಾತ್ರ ತಾನಾಗಿ ಬರುತ್ತದೆ ಎಂದು ಬಹುಕಾಲ ನಂಬಿಕೊಂಡಿತ್ತು. ಅದು ತಾನಾಗಿ ಬರುವುದಿಲ್ಲ. ಅದೂ ಒಂದು ಕೌಶಲ. ಅದನ್ನು ಕಲಿಸಲು ನಗರದ ದೊಡ್ಡ ಆಸ್ಪತ್ರೆಗಿಂತ ವಾಮದಪದವಿನಂಥ ಊರಿನ ಸಮುದಾಯ ಆರೋಗ್ಯ ಕೇಂದ್ರವೇ ತಕ್ಕ ಜಾಗ ಎಂಬುದು ನನ್ನ ವಾದ.

ಬಂಟ್ವಾಳ ತಾಲೂಕಿನ ವಾಮದಪದವು ಒಂದು ದಿಕ್ಕಿನಲ್ಲಿ ಬೆಳ್ತಂಗಡಿಯತ್ತ, ಇನ್ನೊಂದು ದಿಕ್ಕಿನಲ್ಲಿ ಮೂಡುಬಿದಿರೆಯತ್ತ ಮುಖ ಮಾಡಿರುವ ಸಣ್ಣ ಪೇಟೆ. ಸುತ್ತ ಅಡಿಕೆ ತೋಟ, ಗುಡ್ಡೆಯಲ್ಲಿ ಗೇರು ಮತ್ತು ರಬ್ಬರು, ಮನೆ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರು. ಸಮುದಾಯ ಆರೋಗ್ಯ ಕೇಂದ್ರವೆಂದರೆ ಸರಕಾರದ ಮಾನದಂಡದಲ್ಲಿ 30 ಹಾಸಿಗೆಯ ಆಸ್ಪತ್ರೆ. ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲವೂ ಅಲ್ಲಿನ ಸಾಲಿನಲ್ಲಿ ಕೇಳಿಸುತ್ತವೆ.

ವೈದ್ಯಕೀಯ ಶಿಕ್ಷಣದ ಮಟ್ಟಿಗೆ ನಮ್ಮ ಕರಾವಳಿ ಬಡವಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದರು. ಆ ಕಾಲೇಜಿನ ಮಕ್ಕಳು ಮಂಗಳೂರಿನ ವೆನ್‌ಲಾಕ್ ಸರಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಪಳಗಿದರು. ಇಂದು ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಎಂಟಕ್ಕೆ ಕಡಿಮೆಯಿಲ್ಲದಷ್ಟು ವೈದ್ಯಕೀಯ ಕಾಲೇಜುಗಳಿವೆ. ದೇಶದ ವಿದ್ಯಾರ್ಥಿಗಳು ಓದುವ ಫಾರ್ಮಕಾಲಜಿ ಪುಸ್ತಕಗಳಲ್ಲಿ ಕೆಲವು ಇಲ್ಲಿ ಪಾಠ ಹೇಳಿದವರೇ ಬರೆದವು. ಮಂಗಳೂರಿನ ಡಾ. ಪದ್ಮಜಾ ಉದಯಕುಮಾರ್ ಅವರದ್ದು ಒಂದು, ಡಾ. ತಾರಾ ಶಾನಭಾಗ್ ಮತ್ತು ಮಣಿಪಾಲದ ಡಾ. ಸ್ಮಿತಾ ಶೆಣೈ ಸೇರಿ ಬರೆದದ್ದು ಇನ್ನೊಂದು. ಹೀಗಾಗಿ ಪುಸ್ತಕಕ್ಕೂ ಕಾಲೇಜಿಗೂ ಇಲ್ಲಿ ಕೊರತೆಯಿಲ್ಲ. ತೊಡಕಿರುವುದು ಓದಿದ್ದನ್ನು ಎದುರು ದಿಕ್ಕಿನಿಂದ ಬಳಸುವುದರಲ್ಲಿ.

ಪಠ್ಯಪುಸ್ತಕ ಹೊರಡುವುದು ಮದ್ದಿನಿಂದ. ಇದು ಇಂಥ ಮದ್ದು, ದೇಹದಲ್ಲಿ ಹೀಗೆ ಕೆಲಸ ಮಾಡುತ್ತದೆ, ಇಂತಿಂಥ ಕಾಯಿಲೆಗೆ ಕೊಡಬಹುದು, ಇಂತಿಂಥ ಅಡ್ಡ ಪರಿಣಾಮಗಳಿವೆ ಎಂದು ಅಧ್ಯಾಯ ಮುಗಿಯುತ್ತದೆ. ರೋಗಿ ಬರುವುದು ಎದುರು ದಿಕ್ಕಿನಿಂದ. ಅವನಿಗೆ ಒಂದು ತೊಂದರೆಯಿದೆ, ಒಂದು ವಯಸ್ಸಿದೆ, ಒಂದು ಕಸುಬಿದೆ, ಜೇಬಿನಲ್ಲಿ ಇಂತಿಷ್ಟು ದುಡ್ಡಿದೆ. ಅಲ್ಲಿಂದ ಹೊರಟು ಮದ್ದಿಗೆ ತಲುಪಬೇಕು. ಪರೀಕ್ಷೆಯಲ್ಲಿ ಒಂದು ಮದ್ದಿನ ಹತ್ತು ಉಪಯೋಗ ಬರೆದು ಪೂರ್ಣ ಅಂಕ ಪಡೆದವನಿಗೆ, ಒಬ್ಬ ರೋಗಿಗೆ ಹತ್ತು ಮದ್ದುಗಳಲ್ಲಿ ಯಾವುದು ಎಂದು ಕೇಳಿದರೆ ಪೆನ್ನು ಮುಂದೆ ಹೋಗುವುದಿಲ್ಲ.

ಹಾಗೆಂದು ಮೂಲಪಾಠ ಬೇಡವೆಂದಲ್ಲ. ಮದ್ದು ದೇಹಕ್ಕೆ ಏನು ಮಾಡುತ್ತದೆ, ದೇಹ ಮದ್ದಿಗೆ ಏನು ಮಾಡುತ್ತದೆ ಎಂಬ ಎರಡು ಪ್ರಶ್ನೆಗಳ ಮೇಲೆ ಇಡೀ ಶಾಸ್ತ್ರ ನಿಂತಿದೆ. ಎರಡಕ್ಕೂ ನಮ್ಮ ಊರಲ್ಲೇ ಉದಾಹರಣೆಗಳಿವೆ.

ಮೊದಲನೆಯದಕ್ಕೆ ಅಡಿಕೆಯೇ ಸಾಕು. ಅಭ್ಯಾಸವಿಲ್ಲದವರು ಹಸಿ ಅಡಿಕೆ ಜಗಿದರೆ ಸೊಕ್ಕುತ್ತದೆ: ಬಾಯಲ್ಲಿ ನೀರೂರಿ, ಮೈಯೆಲ್ಲ ಬೆವೆತು, ತಲೆ ತಿರುಗುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರಾಭ ನಮ್ಮ ನರಗಳು ತಾವೇ ಸ್ರವಿಸುವ ಅಸಿಟೈಲ್‌ಕೋಲಿನ್‌ನ ವೇಷ ಹಾಕಿ, ಗ್ರಂಥಿಗಳ ಮೇಲಿನ ಮಸ್ಕರಿನಿಕ್ ಗ್ರಾಹಕಗಳನ್ನು ಕೆರಳಿಸುತ್ತದೆ. ತೋಟಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಸೇರಿದರೆ ಆಗುವುದೂ ಇದೇ ಜಾತಿಯ ಅನಾಹುತ, ಆದರೆ ಹಲವು ಪಟ್ಟು ಭೀಕರ. ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನೇ ಅದು ಕಟ್ಟಿಹಾಕುತ್ತದೆ. ಜೊಲ್ಲು, ಬೆವರು, ವಾಂತಿ, ಭೇದಿಯ ಜೊತೆಗೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಶ್ವಾಸಕೋಶ ನೀರಾಗುತ್ತದೆ. ಆಗ ಕೊಡುವ ಅಟ್ರೋಪಿನ್ ಅದೇ ಗ್ರಾಹಕಗಳ ಬಾಗಿಲು ಮುಚ್ಚುತ್ತದೆ. ನಮ್ಮ ಬೇಲಿಬದಿಯ ಉಮ್ಮತ್ತದಲ್ಲಿ ಇರುವುದೂ ಇದೇ ಗುಂಪಿನ ವಿಷ. ಅಡಿಕೆ, ಕೀಟನಾಶಕ, ಉಮ್ಮತ್ತ ಈ ಮೂರನ್ನು ಒಂದೇ ಗ್ರಾಹಕದ ಸುತ್ತ ಜೋಡಿಸಿ ಹೇಳಿದರೆ ಬಂಟ್ವಾಳದ ಹುಡುಗನೊಬ್ಬನಿಗೆ ಆ ಅಧ್ಯಾಯ ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.

ಎರಡನೆಯ ಪ್ರಶ್ನೆಗೆ ಬಿಪಿ ಮಾತ್ರೆ ನೋಡಿ. ರಕ್ತದಲ್ಲಿರುವ ಮದ್ದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತಿಗೆ ಅರ್ಧಾಯು ಎನ್ನುತ್ತಾರೆ. ಪ್ಯಾರಸಿಟಮಾಲ್‌ಗೆ ಅದು ಎರಡು ಮೂರು ಗಂಟೆ, ಹಾಗಾಗಿ ಜ್ವರ ಮತ್ತೆ ಏರಿದರೆ ಆರು ಗಂಟೆ ಬಿಟ್ಟು ಇನ್ನೊಂದು ಮಾತ್ರೆ. ಆಮ್ಲೋಡಿಪಿನ್‌ಗೆ 30ರಿಂದ 50 ಗಂಟೆ, ಹಾಗಾಗಿ ದಿನಕ್ಕೊಂದೇ ಸಾಕು. ಆದರೆ ಅದರ ಪ್ರಮಾಣ ರಕ್ತದಲ್ಲಿ ಒಂದು ಮಟ್ಟಕ್ಕೆ ನೆಲೆಯೂರಲು ವಾರ ಬೇಕು. ಇದನ್ನು ಹೇಳದೆ ಕಳಿಸಿದರೆ ರೋಗಿ ಮೂರನೆಯ ದಿನ ಬಿಪಿ ನೋಡಿಸಿ, ಈ ಮದ್ದು ನನಗೆ ತಾಗುವುದಿಲ್ಲ ಎಂದು ಬೇರೆ ಡಾಕ್ಟರ ಹತ್ತಿರ ಹೋಗುತ್ತಾನೆ. ಅರ್ಧಾಯುವಿನ ಸೂತ್ರ ಗೊತ್ತಿದ್ದೂ ಈ ಒಂದು ಮಾತು ಆಡದ ವೈದ್ಯ ಫಾರ್ಮಕಾಲಜಿಯನ್ನು ಅರ್ಧವೇ ಕಲಿತಂತೆ.

ಈ ಅರ್ಧವನ್ನು ಪೂರ್ತಿ ಮಾಡುವುದು ಹೇಗೆ ಎಂಬುದಕ್ಕೆ 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಕೈಪಿಡಿ ತಂದಿತು. ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ಡಿ ವ್ರೀಸ್ ಮತ್ತು ಸಂಗಡಿಗರು ರೂಪಿಸಿದ ವಿಧಾನ ಅದು. ಅದರಲ್ಲಿ ಆರು ಹೆಜ್ಜೆಗಳಿವೆ. ರೋಗಿಯ ತೊಂದರೆ ಏನೆಂದು ಗೊತ್ತುಮಾಡಿಕೊಳ್ಳಬೇಕು. ಚಿಕಿತ್ಸೆಯಿಂದ ಏನಾಗಬೇಕೆಂದು ತೀರ್ಮಾನಿಸಬೇಕು. ಆ ಕಾಯಿಲೆಗೆಂದು ತಾನು ಮೊದಲೇ ಆಯ್ದಿಟ್ಟುಕೊಂಡ ಮದ್ದು ಎದುರಿಗಿರುವ ಈ ರೋಗಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕು. ಆಮೇಲೆ ಚೀಟಿ. ಅದರ ಬೆನ್ನಿಗೇ ರೋಗಿಗೆ ತಿಳಿಸಿ ಹೇಳುವುದು ಮತ್ತು ಎಚ್ಚರಿಸುವುದು. ಕೊನೆಗೆ ಏನಾಯಿತೆಂದು ನೋಡಿ ಮುಂದುವರಿಸುವುದು ಅಥವಾ ನಿಲ್ಲಿಸುವುದು. ಹೀಗೆ ಮೊದಲೇ ಆಯ್ದಿಟ್ಟುಕೊಂಡ ಮದ್ದಿಗೆ ಪಿ-ಡ್ರಗ್ ಎಂದು ಹೆಸರು. ಪರಿಣಾಮ, ಸುರಕ್ಷತೆ, ಹೊಂದಾಣಿಕೆ, ಬೆಲೆ ಎಂಬ ನಾಲ್ಕು ತೂಕಗಳಲ್ಲಿ ತೂಗಿ ವಿದ್ಯಾರ್ಥಿ ತನ್ನದೇ ಪಟ್ಟಿ ಮಾಡಿಕೊಳ್ಳಬೇಕು.

ಇದು ಬರೀ ಉಪದೇಶವಾಗಿ ಉಳಿಯಲಿಲ್ಲ. ಗ್ರೋನಿಂಗನ್, ಕಠ್ಮಂಡು, ಲಾಗೋಸ್, ದೆಹಲಿ, ಯೋಗ್ಯಕರ್ತ ಮೊದಲಾದ ಏಳು ಊರುಗಳ 219 ವಿದ್ಯಾರ್ಥಿಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಿದ ಅಧ್ಯಯನ 1995ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಈ ತರಬೇತಿ ಪಡೆದವರು ಪಾಠದಲ್ಲಿ ಚರ್ಚಿಸಿದ ಕಾಯಿಲೆಗಳಲ್ಲಷ್ಟೇ ಅಲ್ಲ, ಚರ್ಚಿಸದ ಕಾಯಿಲೆಗಳಲ್ಲೂ ಉತ್ತಮವಾಗಿ ಚೀಟಿ ಬರೆದರು. ಆರು ತಿಂಗಳಾದ ಮೇಲೂ ಅದು ಮಾಸಿರಲಿಲ್ಲ. ನಮ್ಮ ಮಣಿಪಾಲದ ಸಂಸ್ಥೆ ನೇಪಾಳದ ಪೋಖರಾದಲ್ಲಿ ನಡೆಸುವ ಕಾಲೇಜಿನ ಅಧ್ಯಾಪಕರು ಪಿ-ಡ್ರಗ್ ಪಾಠವನ್ನು ಗಂಭೀರವಾಗಿ ಕೈಗೆತ್ತಿಕೊಂಡು ತಮ್ಮ ಅನುಭವವನ್ನು ಪ್ರಬಂಧಗಳಲ್ಲಿ ದಾಖಲಿಸಿದ್ದಾರೆ. ಭಾರತದಲ್ಲಿ 2019ರಿಂದ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮವೂ ಈ ದಾರಿ ಹಿಡಿದಿದೆ. ಸರಿಯಾದ, ಓದಲು ಬರುವ ಚೀಟಿ ಬರೆಯುವುದು, ಬೇರೆಯವರ ಚೀಟಿಯಲ್ಲಿ ತಪ್ಪು ಹುಡುಕುವುದು, ಪಿ-ಡ್ರಗ್ ಪಟ್ಟಿ ಮಾಡುವುದು, ಔಷಧ ಕಂಪನಿಯ ಪ್ರಚಾರ ಪತ್ರವನ್ನು ವಿಮರ್ಶಿಸುವುದು, ರೋಗಿಗೆ ಮದ್ದಿನ ಬಗ್ಗೆ ತಿಳಿಹೇಳುವುದು ಇವೆಲ್ಲ ಈಗ ಫಾರ್ಮಕಾಲಜಿಯ ಕಡ್ಡಾಯ ಸಾಮರ್ಥ್ಯಗಳು. ಹಿಂದೆ ಫಾರ್ಮಕಾಲಜಿಯ ಪ್ರಾಯೋಗಿಕ ತರಗತಿಯಲ್ಲಿ ಮಸಿ ಹಿಡಿದ ಡ್ರಮ್ಮಿನ ಮೇಲೆ ಕಪ್ಪೆಯ ಸ್ನಾಯು ಗೀಚುವ ಗೆರೆ ನೋಡುತ್ತಾ, ಒರಳಲ್ಲಿ ಮುಲಾಮು ಅರೆಯುತ್ತಾ ಕಾಲ ಕಳೆಯುತ್ತಿದ್ದುದನ್ನು ಹಿರಿಯ ವೈದ್ಯರು ಇಂದಿಗೂ ನೆನೆಯುತ್ತಾರೆ.

ಕಾಗದದ ಮೇಲೆ ಎಲ್ಲ ಸರಿಯಿದೆ. ಆದರೆ ಪ್ರಾಯೋಗಿಕ ಪರೀಕ್ಷೆಯ ರೋಗಿ ಇನ್ನೂ ಕಾಗದದ ಮೇಲೆಯೇ ಇದ್ದಾನೆ. '50 ವರ್ಷದ ಪುರುಷ, ಹೊಸದಾಗಿ ಪತ್ತೆಯಾದ ಸಕ್ಕರೆ ಕಾಯಿಲೆ, ಚೀಟಿ ಬರೆಯಿರಿ' ಎಂದು ಪ್ರಶ್ನೆ ಇರುತ್ತದೆ. ಆತನಿಗೆ ಹೆಸರಿಲ್ಲ, ಕೆಲಸವಿಲ್ಲ, ಊಟದ ಹೊತ್ತಿಲ್ಲ. ಅದೇ ಮನುಷ್ಯನನ್ನು ವಾಮದಪದವಿನ ಓಪಿಯಲ್ಲಿ ಕೂರಿಸಿ ನೋಡೋಣ. ಕಲ್ಪಿತ ರೋಗಿಯೇ, ಆದರೆ ಈ ಸೀಮೆಯಲ್ಲಿ ಅಪರೂಪದವನೇನಲ್ಲ.

"ಬೆಳಗ್ಗೆ ತಿಂಡಿ ಎಷ್ಟು ಹೊತ್ತಿಗೆ ಅಣ್ಣ?"

"ತಿಂಡಿ ಅಂತೇನಿಲ್ಲ ಡಾಕ್ಟ್ರೇ. ಒಂದು ಚಾ ಕುಡಿದು ಹೋಗುವುದು. ಹತ್ತು ಗಂಟೆಗೆ ತೋಟದ ಮನೆಯಲ್ಲಿ ಗಂಜಿ ಸಿಗ್ತದೆ."

"ಏನು ಕೆಲಸ?"

"ಅಡಿಕೆ ಕೊಯ್ಯುವುದು. ಮಳೆಗಾಲದಲ್ಲಿ ಮದ್ದು ಬಿಡುವುದು."

ಮದ್ದು ಈ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಈ ಮೂರನೆಯ ಹೆಜ್ಜೆಯಲ್ಲಿ ಇಡೀ ಚೀಟಿ ಬದಲಾಗುತ್ತದೆ. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಅದಕ್ಕೆ ಲೆಕ್ಕವಿಲ್ಲ. ತಿಂಡಿಗೆ ಮೊದಲು ತೆಗೆದುಕೊಳ್ಳಿ ಎಂದು ಬರೆದುಕೊಟ್ಟರೆ ಈತ ಏಳು ಗಂಟೆಗೆ ಮಾತ್ರೆ ನುಂಗಿ, ಚಾ ಕುಡಿದು, ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತುತ್ತಾನೆ. ಎಂಟೂವರೆ ಒಂಬತ್ತಕ್ಕೆ ಸಕ್ಕರೆ ಇಳಿದು ಕೈ ನಡುಗಿ, ಬೆವರೊಡೆದು, ಕಣ್ಣು ಕತ್ತಲಿಟ್ಟರೆ ಆತನಿರುವುದು ಮರದ ತುದಿಯಲ್ಲಿ. ಮೆಟ್‌ಫಾರ್ಮಿನ್ ಒಂದನ್ನೇ ಕೊಟ್ಟಾಗ ಹೀಗೆ ಸಕ್ಕರೆ ಕುಸಿಯುವುದು ಬಹಳ ಅಪರೂಪ. ಮೂತ್ರಪಿಂಡ ಸರಿಯಿದ್ದರೆ ಅದರಿಂದಲೇ ಶುರುಮಾಡಬಹುದು, ಹತ್ತು ಗಂಟೆಯ ಗಂಜಿಯ ಜೊತೆಗೇ ಕೊಡಬಹುದು. ಮೊದಲ ವಾರ ಹೊಟ್ಟೆ ಕೆಡಬಹುದೆಂದು ಮೊದಲೇ ಹೇಳಿಟ್ಟರೆ ಆತ ನಡುವೆ ಬಿಡುವುದಿಲ್ಲ. ಪರಿಣಾಮದಲ್ಲಿ, ಬೆಲೆಯಲ್ಲಿ ಎರಡೂ ಮಾತ್ರೆಗಳ ನಡುವೆ ದೊಡ್ಡ ಅಂತರವಿಲ್ಲ. ತೀರ್ಮಾನವಾದದ್ದು ಆತನ ಕಸುಬಿನಿಂದ.

ಇದೇ ಮನುಷ್ಯ ಜುಲೈ ತಿಂಗಳಲ್ಲಿ ಶೀತವೆಂದು ಬಂದರೂ ಹೀಗೆಯೇ ಯೋಚಿಸಬೇಕು. ಸಿಪಿಎಂ ಎಂದು ಎಲ್ಲರಿಗೂ ಗೊತ್ತಿರುವ ಹಳದಿ ಮಾತ್ರೆ ಮೂಗಿನ ನೀರನ್ನು ನಿಲ್ಲಿಸುತ್ತದೆ, ಮೆದುಳಿಗೂ ಹೋಗಿ ತೂಕಡಿಕೆ ತರುತ್ತದೆ. ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಒದ್ದೆ ಮರ ಹತ್ತುವವನಿಗೆ ಅದನ್ನು ಹಗಲಲ್ಲಿ ಕೊಡುವ ವೈದ್ಯ ಪುಸ್ತಕದ ಪ್ರಕಾರ ತಪ್ಪು ಮಾಡಿರುವುದಿಲ್ಲ. ನಿದ್ದೆ ಬರಬಹುದು ಎಂಬ ಸಾಲನ್ನು ಆತನೂ ಓದಿರುತ್ತಾನೆ. ಆ ಸಾಲಿನ ತೂಕ ಕಾಲೇಜಿನ ಬೆಂಚಿನ ಮೇಲೆ ಗೊತ್ತಾಗುವುದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕವೇ ಪಾಠ. ಜ್ವರಕ್ಕೆ ಪ್ಯಾರಸಿಟಮಾಲ್ ಒಂದು ಸಲಕ್ಕೆ ಕಿಲೋ ತೂಕಕ್ಕೆ 15 ಮಿಲಿಗ್ರಾಂ ಎಂದಿಟ್ಟುಕೊಂಡರೆ 10 ಕಿಲೋ ಮಗುವಿಗೆ 150 ಮಿಲಿಗ್ರಾಂ. ಇಷ್ಟನ್ನು ಯಾವ ವಿದ್ಯಾರ್ಥಿಯೂ ಹೇಳುತ್ತಾನೆ. ಆದರೆ ಅಂಗಡಿಯಲ್ಲಿ ಮಿಲಿಗ್ರಾಂ ಸಿಗುವುದಿಲ್ಲ, ಬಾಟಲಿ ಸಿಗುತ್ತದೆ. 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸಿರಪ್ ಆದರೆ 6 ಮಿಲಿ ಕೊಡಬೇಕು. 250 ಇರುವ ಸಿರಪ್ ಆದರೆ 3 ಮಿಲಿ. ಒಂದು ಮಿಲಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿಲಿ. ಆರು ಮಿಲಿ ಎಂದು ಬಾಯಲ್ಲಿ ಹೇಳಿ ಕಳಿಸಿದ ತಾಯಿಯ ಕೈಗೆ ಡ್ರಾಪ್ಸ್ ಬಾಟಲಿ ಸಿಕ್ಕಿದರೆ ಮಗುವಿನ ಹೊಟ್ಟೆಗೆ ಹೋಗುವುದು ನಾಲ್ಕು ಪಟ್ಟು. ಒಂದು ಚಮಚ ಎಂದರೆ ಅಡುಗೆಮನೆಯ ಯಾವ ಚಮಚ ಎಂಬುದು ಇನ್ನೊಂದು ಸಮಸ್ಯೆ. ಚೀಟಿಯಲ್ಲಿ ಮದ್ದಿನ ಹೆಸರಿನ ಪಕ್ಕ ಬಾಟಲಿಯ ಸಾಂದ್ರತೆ ಬರೆಯುವುದು, ಅಳತೆಯ ಮುಚ್ಚಳದಲ್ಲಿ ಗೆರೆ ತೋರಿಸಿ ಕಳಿಸುವುದು ಎರಡೇ ನಿಮಿಷದ ಕೆಲಸ. ದಶಾಂಶ ಬಿಂದುವಿನ ಹಿಂದೆ ಸೊನ್ನೆ ಬರೆಯದೆ .5 ಎಂದು ಬಿಟ್ಟರೆ ಬಿಂದು ಮಾಸಿ ಅದು 5 ಆಗುತ್ತದೆ ಎಂಬುದೂ ಇದೇ ಪಾಠದ ಭಾಗ.

ತೂಕದ ಲೆಕ್ಕ ಕಲಿತವರಿಗೆ ಮರುದಿನವೇ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಪಾಠ ಹೇಳಬೇಕು. ಅಲ್ಲಿ ಮಗುವಿಗೂ ದೊಡ್ಡವರಿಗೂ ಒಂದೇ ಪ್ರಮಾಣ. ಹಾವು ಕಚ್ಚುವಾಗ ಎದುರಿನವರ ತೂಕ ನೋಡಿ ವಿಷ ಬಿಡುವುದಿಲ್ಲ, ಇಳಿದ ವಿಷವನ್ನು ನಿಷ್ಕ್ರಿಯಗೊಳಿಸುವಷ್ಟು ಮದ್ದು ಬೇಕೇ ಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕಷ್ಟೇ ತಯಾರಾದದ್ದು. ಘಟ್ಟದ ಬುಡದ ರಬ್ಬರು, ಅಡಿಕೆ ತೋಟಗಳ ತರಗೆಲೆಯಲ್ಲಿ ಅಡಗುವ ಹಂಪ್-ನೋಸ್ಡ್ ಪಿಟ್ ವೈಪರ್ ಎಂಬ ಚಿಕ್ಕ ಮಂಡಲದ ಹಾವಿಗೆ ಅದು ನಾಟುವುದಿಲ್ಲ. ಆ ಕಡಿತಕ್ಕೆ ಪ್ರತಿವಿಷ ಏರಿಸುತ್ತಾ ಹೋದರೆ ವಿಷ ಇಳಿಯುವುದಿಲ್ಲ, ಅಲರ್ಜಿಯ ಅಪಾಯ ಮಾತ್ರ ಹೆಚ್ಚುತ್ತದೆ. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಯಾವ ಹಾವಿಗೆ ಯಾವ ಮದ್ದು, ಯಾವುದಕ್ಕೆ ಕೊಡಬಾರದು ಎಂಬ ವಿವೇಚನೆ ಕಲಿಯಲು ಬಂಟ್ವಾಳ, ಬೆಳ್ತಂಗಡಿಗಳಿಗಿಂತ ಒಳ್ಳೆಯ ಶಾಲೆ ಬೇಕೆ?

ಹೆಚ್ಚಿನ ಚೀಟಿಗಳು ಸೋಲುವುದು ಐದನೆಯ ಹೆಜ್ಜೆಯಲ್ಲಿ, ಹೇಳಿ ಕಳಿಸುವುದರಲ್ಲಿ. ಮಂಗಳೂರಿಗೆ ಬಹಳ ವರ್ಷಗಳಿಂದ ಅಂಟಿಕೊಂಡಿದ್ದ ಮಲೇರಿಯಾವನ್ನೇ ತೆಗೆದುಕೊಳ್ಳಿ. ವೈವಾಕ್ಸ್ ಮಲೇರಿಯಾಕ್ಕೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ 14 ದಿನ ಪ್ರಿಮಾಕ್ವಿನ್. ಮೂರನೆಯ ದಿನಕ್ಕೆ ಜ್ವರ ಬಿಟ್ಟು ರೋಗಿ ಕೆಲಸಕ್ಕೆ ಹೋಗುತ್ತಾನೆ, ಉಳಿದ ಮಾತ್ರೆಗಳು ದೇವರ ಫೋಟೋದ ಹಿಂದೆ ಸೇರುತ್ತವೆ. ಜ್ವರ ತರುವ ಪರಾವಲಂಬಿ ರಕ್ತದಲ್ಲಿ ಸತ್ತಿದ್ದರೂ ಪಿತ್ತಜನಕಾಂಗದಲ್ಲಿ ಅದರ ಸಂತಾನ ಮಲಗಿರುತ್ತದೆ. ಅದು ವಾರಗಳು, ತಿಂಗಳುಗಳ ನಂತರ ಎದ್ದು ಮತ್ತೆ ಜ್ವರ ತರುತ್ತದೆ. 14 ದಿನದ ಮಾತ್ರೆ ಇರುವುದು ಅದನ್ನು ಕೊಲ್ಲಲಿಕ್ಕೆ. ಇಷ್ಟನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಎರಡು ವಾಕ್ಯದಲ್ಲಿ ಹೇಳಲು ಬಾರದವನಿಗೆ ಮಲೇರಿಯಾ ಚಿಕಿತ್ಸೆ ಬರುತ್ತದೆ ಎನ್ನಲಾಗದು. ಗರ್ಭಿಣಿಗೆ ಪ್ರಿಮಾಕ್ವಿನ್ ಕೊಡಬಾರದು, ಜಿ6ಪಿಡಿ ಕಿಣ್ವದ ಕೊರತೆ ಇದ್ದವರಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಮೂತ್ರ ಕಪ್ಪಾದರೆ ಕೂಡಲೇ ನಿಲ್ಲಿಸಿ ಬರಬೇಕು ಎಂಬ ಎಚ್ಚರಿಕೆಗಳೂ ಆ ಮಾತಿನಲ್ಲಿ ಸೇರಬೇಕು.

1-0-1 ಎಂಬ ಅಂಕಿಯ ಚೀಟಿಯೂ ಎಲ್ಲರಿಗೂ ಒಂದೇ ಅಲ್ಲ. ರಂಜಾನ್ ಉಪವಾಸದಲ್ಲಿರುವವರಿಗೆ ಬೆಳಗ್ಗೆ ಎಂದರೆ ಸಹರಿಯ ಹೊತ್ತು, ರಾತ್ರಿ ಎಂದರೆ ಇಫ್ತಾರ್. ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ತಿಂಗಳ ಮೊದಲೇ ಕೂತು ಹೊಂದಿಸಬೇಕು. ಮಳೆಗಾಲದ ಗದ್ದೆಯ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನನ್ನು ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಅನ್ನನಾಳ ಹುಣ್ಣಾಗುತ್ತದೆ, ತುಂಬಾ ನೀರು ಕುಡಿದು ಅರ್ಧ ಗಂಟೆಯಾದರೂ ಕೂತಿರಬೇಕು. ಗರ್ಭಿಣಿಯರು ಕಬ್ಬಿಣದ ಮಾತ್ರೆಯನ್ನು ಚಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ.

ಹೇಳಿ ಕಳಿಸುವ ಈ ವಿದ್ಯೆ ನಮಗೆ ಹೊಸತೇನಲ್ಲ. ಹಿಂದೆ ಡಿಸ್ಪೆನ್ಸರಿಯ ಕಂಪೌಂಡರ್ ಕೆಂಪು ಮಿಕ್ಸ್ಚರ್ ತುಂಬಿದ ಬಾಟಲಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಅಕ್ಷರ ಬಾರದವರಿಗೂ ಒಂದು ಹೊತ್ತಿಗೆ ಒಂದು ಹಲ್ಲಿನಷ್ಟು ಎಂದು ತಿಳಿಯುತ್ತಿತ್ತು. ಆಟಿ ಅಮಾವಾಸ್ಯೆಯಂದು ತುಳುನಾಡಿನಲ್ಲಿ ಕುಡಿಯುವ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯವನ್ನೂ ಗಮನಿಸಿ. ನಸುಕಿನಲ್ಲಿ ತರಬೇಕು, ಕಲ್ಲಿನಿಂದ ಕೆತ್ತಬೇಕು, ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಬೇಕು, ಬರಿಹೊಟ್ಟೆಯಲ್ಲಿ ಸ್ವಲ್ಪವೇ ಕುಡಿಯಬೇಕು, ಮೇಲೆ ಮೆಂತೆ ಗಂಜಿ ಉಣ್ಣಬೇಕು. ಯಾವುದು, ಯಾವಾಗ, ಹೇಗೆ, ಎಷ್ಟು, ಆಮೇಲೇನು ಎಂಬ ಐದೂ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿದೆ. ಪಾಲೆಯೆಂದು ತಪ್ಪಿ ಕಾಸರಕದ ಕೆತ್ತೆ ತಂದರೆ ಅದರ ಸ್ಟ್ರಿಕ್ನಿನ್ ಮೈಯನ್ನು ಸೆಟೆಸಿ ಪ್ರಾಣ ತೆಗೆಯಬಲ್ಲದು, ಹಾಗಾಗಿ ಮರ ಬಲ್ಲ ಹಿರಿಯರೇ ತರಬೇಕೆಂಬ ಕಟ್ಟಪ್ಪಣೆಯೂ ಇದೆ. ಕಷಾಯದ ಗುಣದ ಬಗ್ಗೆ ವಿಜ್ಞಾನ ಏನೇ ಹೇಳಲಿ, ಸೂಚನೆಯ ಮಟ್ಟಿಗೆ ಅದು ಪೂರ್ತಿ ಚೀಟಿ. ನಮ್ಮ ಓಪಿ ಚೀಟಿಗಳಲ್ಲಿ ಹಲವು ಇಷ್ಟು ಪೂರ್ತಿ ಇರುವುದಿಲ್ಲ.

ಸಣ್ಣ ಆಸ್ಪತ್ರೆಗೆ ಇನ್ನೊಂದು ಅನುಕೂಲವಿದೆ: ಅದರ ಕಪಾಟು ಚಿಕ್ಕದು. ಎಲ್ಲರಿಗೂ ಬೇಕಾದ ಮದ್ದುಗಳ ಮೊದಲ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ತಂದಿತು, ಭಾರತದ ಅಗತ್ಯ ಔಷಧಗಳ ಪಟ್ಟಿ 1996ರಲ್ಲಿ ಬಂತು. 2022ರ ಪರಿಷ್ಕರಣೆಯಲ್ಲಿ 384 ಮದ್ದುಗಳಿವೆ. ಸಮುದಾಯ ಆರೋಗ್ಯ ಕೇಂದ್ರದಲ್ಲಿ ಸಿಗುವುದು ಅದರಲ್ಲೂ ಒಂದು ಪಾಲು. ಇರುವುದರಲ್ಲಿ ಯಾವುದು, ಯಾಕೆ ಎಂದು ಅಲ್ಲಿ ಪ್ರತಿ ಸಲ ಕಾರಣ ಕೊಡಬೇಕಾಗುತ್ತದೆ. ದೊಡ್ಡ ಆಸ್ಪತ್ರೆಯ ಸುತ್ತಲಿನ ಅಂಗಡಿಗಳಲ್ಲಿ ಪ್ಯಾರಸಿಟಮಾಲ್ ಒಂದೇ ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಂದು ಹಲವು ಹೆಸರಲ್ಲಿ ಸಿಗುತ್ತದೆ. ಒಬ್ಬ ಡಾಕ್ಟರು ಒಂದನ್ನು, ಇನ್ನೊಬ್ಬರು ಮತ್ತೊಂದನ್ನು ಬರೆದರೆ ರೋಗಿ ಎರಡನ್ನೂ ನುಂಗಿ ತನಗರಿವಿಲ್ಲದೆ ದುಪ್ಪಟ್ಟು ತೆಗೆದುಕೊಳ್ಳುತ್ತಾನೆ. ದಿನಕ್ಕೆ 4 ಗ್ರಾಂ ಮೀರಿದರೆ ಪಿತ್ತಜನಕಾಂಗಕ್ಕೆ ಕುತ್ತು. ಮದ್ದನ್ನು ಅದರ ಮೂಲ ಹೆಸರಲ್ಲಿ, ಓದಲು ಬರುವಂತೆ, ಆದಷ್ಟು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿದ್ದು ಸುಮ್ಮನೆ ಅಲ್ಲ. ಆ್ಯಂಟಿಬಯೋಟಿಕ್‌ಗಳಿಗೂ 2017ರಿಂದ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಿದೆ: ಮೊದಲು ಬಳಸಬೇಕಾದವು, ಎಚ್ಚರದಿಂದ ಬಳಸಬೇಕಾದವು, ಕೊನೆಗೆಂದು ಕಾದಿರಿಸಬೇಕಾದವು. ಅಮಾಕ್ಸಿಸಿಲಿನ್ ಮೊದಲ ಗುಂಪಿನಲ್ಲಿದೆ, ಸಾದಾ ಶೀತಕ್ಕೂ ಜನ ಕೇಳಿ ಪಡೆಯುವ ಅಜಿತ್ರೋಮೈಸಿನ್ ಎರಡನೆಯದರಲ್ಲಿ.

ಕಲಿಸುವುದಕ್ಕೆ ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಬೇಡ. 2022ರಿಂದ ವೈದ್ಯಕೀಯ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷಗಟ್ಟಲೆ ಭೇಟಿ ಕೊಡುವ ಕಾರ್ಯಕ್ರಮ ನಡೆದಿದೆ. ಅದರ ಜೊತೆಗೆ ಎರಡನೆಯ ವರ್ಷದವರನ್ನೇ ತಂಡತಂಡವಾಗಿ ಇಂಥ ಕೇಂದ್ರಗಳ ಮದ್ದು ಕೊಡುವ ಕಿಟಕಿಯ ಪಕ್ಕ ನಿಲ್ಲಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲೇ ಕೊಟ್ಟ ಸರಳ ಅಳತೆಗೋಲುಗಳಿವೆ. ಒಂದು ಚೀಟಿಗೆ ಸರಾಸರಿ ಎಷ್ಟು ಮದ್ದು, ಎಷ್ಟು ಮೂಲ ಹೆಸರಲ್ಲಿವೆ, ಎಷ್ಟರಲ್ಲಿ ಆ್ಯಂಟಿಬಯೋಟಿಕ್, ಎಷ್ಟರಲ್ಲಿ ಇಂಜೆಕ್ಷನ್ ಎಂದು ಎಣಿಸಲು ಪೆನ್ನು ಕಾಗದ ಸಾಕು. ಆ ಪಟ್ಟಿಯಲ್ಲಿ ನನಗೆ ಮುಖ್ಯವೆನಿಸುವುದು ಇನ್ನೊಂದು ಅಳತೆ: ಮದ್ದು ಹೇಗೆ ತೆಗೆದುಕೊಳ್ಳಬೇಕೆಂದು ಕಿಟಕಿ ಬಿಟ್ಟು ಹೊರಡುವ ರೋಗಿಗೆ ಗೊತ್ತಿದೆಯೇ? ಅಕ್ಕ, ಈ ಬಿಳಿ ಮಾತ್ರೆ ಯಾವುದಕ್ಕೆ, ಯಾವಾಗ ತಗೊಳ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳುತ್ತಾ ಹೋದರೆ, ತಾನು ಮುಂದೆ ಬರೆಯಲಿರುವ ಚೀಟಿಗಳ ಗತಿ ಏನಾಗುತ್ತದೆ ಎಂದು ವಿದ್ಯಾರ್ಥಿಗೆ ಒಂದೇ ಬೆಳಗಿನಲ್ಲಿ ತಿಳಿಯುತ್ತದೆ. ಫಾರ್ಮಸಿಸ್ಟರನ್ನು ಗುರುವೆಂದು ಕಾಣುವ ಅಭ್ಯಾಸವೂ ಅಲ್ಲೇ ಶುರುವಾಗಬೇಕು. ಯಾವ ಡಾಕ್ಟರ ಕೈಬರಹ ಓದಲಾಗುವುದಿಲ್ಲ, ಯಾವ ಎರಡು ಮಾತ್ರೆಗಳ ಹೆಸರು ಒಂದೇ ಥರ ಕೇಳಿಸಿ ಗಲಿಬಿಲಿ ಮಾಡುತ್ತವೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರಾರಿಗೂ ಗೊತ್ತಿಲ್ಲ.

ಆರನೆಯ ಹೆಜ್ಜೆ ರೋಗಿ ಮನೆಗೆ ಹೋದ ಮೇಲಿನದು. ಮದ್ದಿನಿಂದ ತೊಂದರೆಯಾಯಿತೆಂಬ ಅನುಮಾನವಿದ್ದರೆ ಅದನ್ನು ದಾಖಲಿಸಲು 2010ರಿಂದ ದೇಶದಲ್ಲಿ ಔಷಧ ಜಾಗರೂಕತಾ ಕಾರ್ಯಕ್ರಮವಿದೆ. ಗಾಜಿಯಾಬಾದಿನಲ್ಲಿರುವ ಭಾರತೀಯ ಫಾರ್ಮಕೋಪಿಯಾ ಆಯೋಗ ಅದರ ಕೇಂದ್ರ. ವೈದ್ಯರೇ ಬೇಕೆಂದಿಲ್ಲ, ರೋಗಿಯೂ ವರದಿ ಮಾಡಬಹುದು. 1800-180-3024 ಎಂಬ ಉಚಿತ ದೂರವಾಣಿಯಿದೆ, ಜನಸಾಮಾನ್ಯರ ಅರ್ಜಿ ಕನ್ನಡದಲ್ಲೂ ಇದೆ. ಮೈಮೇಲೆ ದದ್ದೆದ್ದರೆ ಮಾತ್ರೆ ಬಿಟ್ಟು ಸುಮ್ಮನಾಗುವ ನಮ್ಮಲ್ಲಿ ಈ ಅರ್ಜಿ ತುಂಬುವ ರೂಢಿ ಬರಬೇಕಾದರೆ ಕಲಿಯುವ ಹುಡುಗರಿಂದಲೇ ಬರಬೇಕು.

ಎಲ್ಲಕ್ಕೂ ಕೊನೆಯ ಬೀಗದ ಕೀ ಪರೀಕ್ಷೆಯ ಕೈಯಲ್ಲಿದೆ. ಪರೀಕ್ಷೆಯಲ್ಲಿ ಕೇಳದ್ದನ್ನು ವಿದ್ಯಾರ್ಥಿಗಳು ಓದುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಹಾಗಾಗಿ ಒಂದು ಸಲಹೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಚೀಟಿ ಬರೆಸಿ ಅಂಕ ಹಾಕುವ ಬದಲು, ಚೀಟಿ ಬರೆದ ಮೇಲೆ ಅದನ್ನು ಎದುರಿಗೆ ಕೂತ ರೋಗಿಗೆ ಆತನ ಮಾತಿನಲ್ಲೇ ವಿವರಿಸಲು ಹೇಳಿ. ಆಮೇಲೆ ಪರೀಕ್ಷಕರು ವಿದ್ಯಾರ್ಥಿಯನ್ನು ಏನೂ ಕೇಳಬೇಕಿಲ್ಲ, ರೋಗಿಯನ್ನು ಕೇಳಲಿ. ಯಾವ ಮದ್ದು, ಎಷ್ಟು ದಿನ, ಊಟದ ಮೊದಲೋ ಮೇಲೋ, ಏನಾದರೆ ವಾಪಸ್ ಬರಬೇಕು ಎಂದು ಆತ ಸರಿಯಾಗಿ ಹೇಳಿದರೆ ವಿದ್ಯಾರ್ಥಿ ಪಾಸು. ಹೇಳಲಾಗದಿದ್ದರೆ, ಮದ್ದಿನ ಆಯ್ಕೆ ಎಷ್ಟೇ ಸರಿಯಿರಲಿ, ಇನ್ನೊಂದು ಸಲ ಬರಲಿ. ಈ ಒಂದು ಬದಲಾವಣೆ ಮಾಡಿದರೆ ಜಿಲ್ಲೆಯ ಕಾಲೇಜುಗಳು ತಾವಾಗಿಯೇ ವಾಮದಪದವಿನ ದಾರಿ ಹುಡುಕಿಕೊಂಡು ಬರುತ್ತವೆ.